ತುಡುವೆ ಜೇನಿನ ವೈರಾಣು ರೋಗ: ಪೆಟ್ಟಿಗೆ ಮತ್ತು ಸಲಕರಣೆಗಳನ್ನು ಶುದ್ಧಿಗೊಳಿಸುವ ಕ್ರಮ

ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನಾದ ತುಡುವೆಯ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗವನ್ನು ಕಣ್ಣಾರೆ ಕಂಡ ಹಿರಿಯ ಜೇನು ಕೃಷಿಕರು ಮಲೆನಾಡು, ಕರಾವಳಿ ಮತ್ತು ಕೊಡಗಿನಲ್ಲಿ ಇನ್ನೂ ಇದ್ದಾರೆ. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ವೈರಾಣು ಎರಡೇ ವರ್ಷಗಳಲ್ಲಿ ಮೇಘಾಲಯದಲ್ಲಿ ಕಾಣಿಸಿಕೊಂಡಿತು. 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಇಳಿದು, ಕರ್ನಾಟಕ, ಕೇರಳ ಮತ್ತು ತಮಿಳುನಾಡಿನಲ್ಲಿ ಪೆಟ್ಟಿಗೆಯಲ್ಲಿ ಸಾಕುತ್ತಿದ್ದ ತುಡುವೆ ಕುಟುಂಬಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಬರಿದು ಮಾಡಿತು. ಅಂದು ಅಟ್ಟ ಸೇರಿದ ಪೆಟ್ಟಿಗೆಗಳಲ್ಲಿ ಎಷ್ಟೋ ಪೆಟ್ಟಿಗೆಗಳು ಮತ್ತೆ ತೋಟಕ್ಕೆ ಇಳಿಯಲೇ ಇಲ್ಲ. ರೋಗವನ್ನು ತಾಳಿಕೊಂಡು ಉಳಿದ ಕುಟುಂಬಗಳಿಂದ ಸಂತತಿ ನಿಧಾನವಾಗಿ ಚೇತರಿಸಿಕೊಂಡಿತಾದರೂ ರೋಗ ಪೂರ್ತಿ ತೊಲಗಿಲ್ಲ.

ಈ ರೋಗಕ್ಕೆ ಮದ್ದಿಲ್ಲ. ವೈರಾಣುವಿನ ಮೇಲೆ ಪ್ರತಿಜೀವಕ ಔಷಧಿಗಳು ಕೆಲಸ ಮಾಡುವುದಿಲ್ಲ. ಸಕ್ಕರೆ ಪಾಕದಲ್ಲಿ ಅವನ್ನು ಬೆರೆಸಿ ಕೊಟ್ಟರೆ ಜೇನುತುಪ್ಪದಲ್ಲಿ ಅದರ ಉಳಿಕೆ ಸೇರುತ್ತದೆಯೇ ಹೊರತು ಮರಿ ಬದುಕುವುದಿಲ್ಲ. ನಮ್ಮ ಕೈಯಲ್ಲಿರುವುದು ರೋಗ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟದಂತೆ ನೋಡಿಕೊಳ್ಳುವುದು ಮಾತ್ರ. ಅದರಲ್ಲಿ ಸಲಕರಣೆಗಳ ಶುದ್ಧಿಗೆ ದೊಡ್ಡ ಪಾಲಿದೆ. ಆ ಶುದ್ಧಿಯಲ್ಲಿ ದ್ರಾವಣಕ್ಕಿಂತ ಉಳಿಯಿಂದ ಕೆರೆಯುವ ಕೆಲಸವೇ ಹಿರಿದು ಎಂಬುದನ್ನು ಈ ಬರಹ ಓದುವವರು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಕೋರಿಕೆ.

ವೈರಾಣು ಎಲ್ಲಿ ಅಡಗಿರುತ್ತದೆ

ರೋಗ ತಗುಲಿದ ಮರಿಹುಳು ಕೋಶಕ್ಕೆ ಮೇಣದ ಮುಚ್ಚಳ ಬಿದ್ದ ಮೇಲೆ, ಕೋಶಾವಸ್ಥೆಗೆ (ಪ್ಯೂಪಾ) ತಿರುಗುವ ಮುನ್ನ ಸಾಯುತ್ತದೆ. ಕೊನೆಯ ಪೊರೆಯನ್ನು ಕಳಚಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಪೊರೆಗೂ ಮೈಗೂ ನಡುವೆ ನೀರು ತುಂಬಿಕೊಳ್ಳುತ್ತದೆ. ಮುಚ್ಚಳದಲ್ಲಿ ಸಣ್ಣ ತೂತು ಬಿದ್ದಿರುವ ಅಥವಾ ಮುಚ್ಚಳವೇ ಹೋಗಿರುವ ಕೋಶವನ್ನು ಹುಡುಕಿ, ಒಂದು ಕಡ್ಡಿಯ ತುದಿಯಿಂದ ಮರಿಯ ತಲೆಯನ್ನು ಮೆಲ್ಲಗೆ ಮೀಟಿದರೆ, ನೀರು ತುಂಬಿದ ಪುಟ್ಟ ಚೀಲವೊಂದು ಇಡಿಯಾಗಿ ಮೇಲೆದ್ದು ಬರುತ್ತದೆ. ಅದರ ತಲೆ ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿರುತ್ತದೆ. ಮೊದಲು ಬೆಳ್ಳಗಿದ್ದ ಮರಿ ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಕೊನೆಗೆ ಕೋಶದ ತಳದಲ್ಲಿ ದೋಣಿಯಾಕಾರದ ಒಣ ಹಕ್ಕಳೆಯಾಗಿ ಉಳಿಯುತ್ತದೆ. ಆ ಹಕ್ಕಳೆ ಕೋಶಕ್ಕೆ ಅಂಟಿಕೊಳ್ಳದೆ ಸುಲಭವಾಗಿ ಬಿಟ್ಟು ಬರುತ್ತದೆ.

ಚೀಲದೊಳಗಿನ ಆ ನೀರಿನಲ್ಲಿ ವೈರಾಣು ಲೆಕ್ಕವಿಲ್ಲದಷ್ಟು ತುಂಬಿರುತ್ತದೆ. ಸತ್ತ ಮರಿಯನ್ನು ಹೊರಗೆಳೆದು ಹಾಕುವ ಎಳೆಯ ಕೆಲಸಗಾರ ನೊಣಗಳ ಬಾಯಿಗೆ ಅದು ಸೇರಿ, ಮರಿಗಳಿಗೆ ಆಹಾರ ಸ್ರವಿಸುವ ಅವುಗಳ ತಲೆಯ ಗ್ರಂಥಿಗಳಲ್ಲಿ ನೆಲೆಸುತ್ತದೆ. ಮುಂದೆ ಅವು ಊಡುವ ಪ್ರತಿ ಮರಿಗೂ ರೋಗ ಹಂಚಿಕೆಯಾಗುತ್ತದೆ. ಹಾಗಾಗಿ ರೋಗ ಹರಡುವ ಮುಖ್ಯ ದಾರಿ ನೊಣವೇ. ಆದರೆ ಒಂದು ಪೆಟ್ಟಿಗೆಯ ನೊಣಕ್ಕೂ ಇನ್ನೊಂದರ ನೊಣಕ್ಕೂ ನಂಟು ಬೆಳೆಸುವವರು ಹೆಚ್ಚಾಗಿ ನಾವು: ರೋಗದ ಎರಿಯನ್ನು (ಜೇನುಹುಟ್ಟನ್ನು) ಇನ್ನೊಂದು ಕುಟುಂಬಕ್ಕೆ ಕೊಡುವುದು, ಸತ್ತ ಕುಟುಂಬದ ಪೆಟ್ಟಿಗೆಗೆ ಹೊಸ ಕುಟುಂಬ ತುಂಬುವುದು, ಒಂದೇ ಉಳಿ ಮತ್ತು ಒಂದೇ ಚಾಕುವಿನಿಂದ ಎಲ್ಲ ಪೆಟ್ಟಿಗೆ ನೋಡುವುದು, ತೊಳೆಯದ ಜೇನು ತೆಗೆಯುವ ಯಂತ್ರವನ್ನು ನೊಣಗಳು ನೆಕ್ಕಲೆಂದು ಅಂಗಳದಲ್ಲಿ ಬಿಡುವುದು. ಈ ಕೊನೆಯ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಅದನ್ನು ಇಂದೇ ನಿಲ್ಲಿಸಬೇಕು.

ನಾನು ಕೂಡ ಒಮ್ಮೆ ಹೀಗೆ ತಪ್ಪಿದ್ದೇನೆ. ಮರದ ಪೊಟರೆಯಿಂದ ಹಿಡಿದು ತಂದ ಒಳ್ಳೆಯ ಕುಟುಂಬವೊಂದು ಹಾರಿ ಹೋಗದಿರಲಿ ಎಂದು, ಮೂರು ವಾರದ ಹಿಂದೆ ಬರಿದಾಗಿದ್ದ ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿ, ಅದರ ಎರಡು ಹಳೆಯ ಎರಿಗಳನ್ನು ಹಾಗೆಯೇ ಉಳಿಸಿ, ಅದರೊಳಗೆ ನೊಣಗಳನ್ನು ಇಳಿಸಿದೆ. ನೊಣಗಳು ನಿಂತವು, ರಾಣಿ ತತ್ತಿಯನ್ನೂ ಇಟ್ಟಿತು. ಆದರೆ ಮೊದಲ ಸುತ್ತಿನ ಮರಿಗಳಲ್ಲೇ ಚೀಲ ಕಾಣಿಸಿಕೊಂಡಿತು. ಕಾಡಿನಲ್ಲಿ ಆರೋಗ್ಯವಾಗಿದ್ದ ಕುಟುಂಬವನ್ನು ತಂದು ರೋಗದ ಮನೆಯಲ್ಲಿ ಕೂರಿಸಿದೆನೆಂಬ ನೋವು ನನಗೆ ಇಂದಿಗೂ ಇದೆ.

ಯಾವುದು ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ

ಕೊರೊನಾ ಕಾಲದಲ್ಲಿ ಸಾಬೂನು ಮತ್ತು ಸ್ಯಾನಿಟೈಸರ್ ನಮಗೆಲ್ಲ ರೂಢಿಯಾದವು. ಕೊರೊನಾ ವೈರಾಣುವಿನ ಮೇಲೆ ಕೊಬ್ಬಿನ ಹೊದಿಕೆಯಿದೆ. ಸಾಬೂನೂ ಸ್ಪಿರಿಟ್ಟೂ ಆ ಹೊದಿಕೆಯನ್ನು ಕರಗಿಸಿ ವೈರಾಣುವನ್ನು ನಿಷ್ಕ್ರಿಯಗೊಳಿಸುತ್ತವೆ. ಸ್ಯಾಕ್‌ಬ್ರೂಡ್ ವೈರಾಣುವಿಗೆ ಅಂತಹ ಹೊದಿಕೆ ಇಲ್ಲ. ಯುರೋಪಿಯನ್ ಜೇನಿನಲ್ಲಿ ರೆಕ್ಕೆ ಮುದುಡಿಸುವ ವೈರಾಣುವಿಗೂ, ರಾಣಿಕೋಶವನ್ನು ಕಪ್ಪಾಗಿಸುವ ವೈರಾಣುವಿಗೂ ಇಲ್ಲ. ಆದ್ದರಿಂದ ಸಾಬೂನು ನೀರು ಕೊಳೆಯೊಡನೆ ವೈರಾಣುವನ್ನು ಕೊಚ್ಚಿಕೊಂಡು ಹೋಗುತ್ತದೆ, ಅದು ಬೇಕೇ ಬೇಕು. ಆದರೆ ಸಾಬೂನು ಹಚ್ಚಿದ ಮಾತ್ರಕ್ಕೆ ಅಥವಾ ಸ್ಯಾನಿಟೈಸರ್ ಸಿಂಪಡಿಸಿದ ಮಾತ್ರಕ್ಕೆ ಉಳಿ ಶುದ್ಧವಾಯಿತೆಂದು ನಂಬುವಂತಿಲ್ಲ.

ಮೇಣದ ಹುಳುವಿಗೆ ಹಾಕುವ ಗಂಧಕದ ಹೊಗೆಯನ್ನೂ ಇದಕ್ಕೆ ನೆಚ್ಚಿಕೊಳ್ಳಬಾರದು. ಎರಿಗಳನ್ನು ಫ್ರಿಜ್ಜಿನಲ್ಲಿಟ್ಟರೆ ಮೇಣದ ಹುಳು ಸಾಯಬಹುದು, ವೈರಾಣು ಮಾತ್ರ ತಂಪಿನಲ್ಲಿ ಇನ್ನಷ್ಟು ದಿನ ಉಳಿದುಕೊಳ್ಳುತ್ತದೆ. ಫಾರ್ಮಾಲಿನ್ ಬಳಸುವಂತೆ ಯಾರಾದರೂ ಹೇಳಿದರೂ ಬಳಸಬೇಡಿ. ಅದರ ಆವಿ ಉಸಿರಿಗೆ ಕೇಡು, ಮರದಲ್ಲಿ ಅದರ ವಾಸನೆಯೂ ಬಹುಕಾಲ ಉಳಿಯುತ್ತದೆ.

ನೆಚ್ಚಬಹುದಾದವು ನಾಲ್ಕು: ಬೆಂಕಿ, ಬಿಸಿ, ಕ್ಲೋರಿನ್ ಮತ್ತು ಕಾಲ. ಅಮೆರಿಕದ ವಿಜ್ಞಾನಿ ಜಿ. ಎಫ್. ವೈಟ್ ಅವರು 1917ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನೀರಿನಲ್ಲಿದ್ದ ಸ್ಯಾಕ್‌ಬ್ರೂಡ್ ಸೋಂಕು ಸುಮಾರು 59 ಡಿಗ್ರಿ ಸೆಲ್ಸಿಯಸ್ ಬಿಸಿಗೆ 10 ನಿಮಿಷಗಳಲ್ಲಿ ನಾಶವಾಯಿತು. ಜೇನುತುಪ್ಪದಲ್ಲಿದ್ದಾಗ ಅದಕ್ಕೆ 70 ಡಿಗ್ರಿಯಷ್ಟು ಬೇಕಾಯಿತು. ಒಣಗಿದ ಸೋಂಕು ನೇರ ಬಿಸಿಲಿನಲ್ಲಿ ಕೆಲವು ಗಂಟೆಗಳಲ್ಲಿ, ಒಳಗಿಟ್ಟಾಗ ಕೆಲವು ವಾರಗಳಲ್ಲಿ ಶಕ್ತಿ ಕಳೆದುಕೊಂಡಿತು. ಅವರು ಪರೀಕ್ಷಿಸಿದ್ದು ಯುರೋಪಿಯನ್ ಜೇನಿನ ಸ್ಯಾಕ್‌ಬ್ರೂಡನ್ನು. ನಮ್ಮ ತುಡುವೆಯ ರೋಗ ಅದರ ಹತ್ತಿರದ ಬಂಧು. ಆದ್ದರಿಂದ ಆ ಅಂಕಿಗಳನ್ನು ಕನಿಷ್ಠ ಮಿತಿಯೆಂದು ತಿಳಿದು, ಎಲ್ಲದಕ್ಕೂ ಧಾರಾಳವಾಗಿ ಹೆಚ್ಚುವರಿ ಸಮಯ ಮತ್ತು ಬಿಸಿ ಕೊಡುವುದು ವಿವೇಕ. ತುಪ್ಪದೊಳಗೆ ವೈರಾಣುವಿಗೆ ರಕ್ಷಣೆ ಸಿಗುತ್ತದೆ ಎಂಬ ಅಂಶವಂತೂ ಸಲಕರಣೆ ತೊಳೆಯುವವರಿಗೆ ಬಹಳ ಮುಖ್ಯ: ಜಿಗುಟು ಉಳಿದಲ್ಲಿ ಸೋಂಕೂ ಉಳಿಯುತ್ತದೆ.

ಮೊದಲು ಮುಚ್ಚುವುದು, ಸುಡುವುದು

ಕುಟುಂಬ ಸತ್ತಿದೆ ಅಥವಾ ಪಲಾಯನ ಮಾಡಿದೆ ಎಂದು ತಿಳಿದ ಕ್ಷಣವೇ ಆ ಪೆಟ್ಟಿಗೆಯ ಬಾಗಿಲನ್ನು ಹುಲ್ಲಿನಿಂದಲೋ ಮಣ್ಣಿನಿಂದಲೋ ಮುಚ್ಚಿ. ಒಳಗೆ ಉಳಿದ ತುಪ್ಪಕ್ಕೆ ನೆರೆಯ ಪೆಟ್ಟಿಗೆಗಳ ನೊಣಗಳು ಮುಗಿಬಿದ್ದರೆ, ನೀವು ಆಮೇಲೆ ಎಷ್ಟು ತೊಳೆದರೂ ರೋಗ ಆಗಲೇ ಊರು ಸುತ್ತಿರುತ್ತದೆ. ಬಿಚ್ಚುವ ಕೆಲಸವನ್ನು ನೊಣಗಳ ಹಾರಾಟ ನಿಂತ ಮುಸ್ಸಂಜೆಯಲ್ಲಿ ಅಥವಾ ಬಾಗಿಲು ಹಾಕಿದ ಕೋಣೆಯೊಳಗೆ ಮಾಡಿ.

ಮರಿ ಇದ್ದ ಎರಿಗಳನ್ನು ಉಳಿಸಿಕೊಳ್ಳುವ ಆಸೆ ಬೇಡ. ಎರಿಯನ್ನು ತೊಳೆದು ಶುದ್ಧಗೊಳಿಸುವ ಸುಲಭ ದಾರಿಯಿಲ್ಲ. ಕೋಶಗಳ ತಳದಲ್ಲಿರುವ ಹಕ್ಕಳೆಗೂ, ಪರಾಗದ ಅಡಿಗೂ ದ್ರಾವಣ ಇಳಿಯುವುದಿಲ್ಲ. ಬಾವಿ, ಹಳ್ಳಗಳಿಂದ ದೂರದಲ್ಲಿ ಮೊಳದಾಳದ ಗುಂಡಿ ತೆಗೆದು, ಒಣ ಗರಿ ಮತ್ತು ಸೌದೆಯ ಮೇಲೆ ಎರಿಗಳನ್ನಿಟ್ಟು ಸುಟ್ಟು, ಬೂದಿಯ ಮೇಲೆ ಮಣ್ಣು ಎಳೆಯಿರಿ. ಗುಂಡಿ ಬೇಕೇ ಬೇಕು, ಏಕೆಂದರೆ ಕರಗಿದ ಮೇಣ ಹರಿದು ಹೋಗಿ ಬೇರೆ ಕಡೆ ಹೆಪ್ಪುಗಟ್ಟುತ್ತದೆ. ಮರಿಯಿಲ್ಲದ ಜೇನು ಕೋಣೆಯ ಎರಿಗಳನ್ನು ನೀರಿನಲ್ಲಿ ಹಾಕಿ ಚೆನ್ನಾಗಿ ಕುದಿಸಿ ಸೋಸಿ ಮೇಣ ತೆಗೆಯಬಹುದು. ಮೇಣ ಸುಮಾರು 62ರಿಂದ 64 ಡಿಗ್ರಿಗೇ ಕರಗುವುದರಿಂದ ಕರಗಿತೆಂದು ಒಲೆಯಿಂದ ಇಳಿಸದೆ ಅರ್ಧ ಗಂಟೆಯಾದರೂ ಕುದಿಸಿ. ಇಂತಹ ಪೆಟ್ಟಿಗೆಯ ತುಪ್ಪವನ್ನು ಮನುಷ್ಯರು ತಿನ್ನಲು ಅಡ್ಡಿಯಿಲ್ಲ, ಜೇನಿನ ವೈರಾಣು ನಮಗೆ ತಗುಲುವುದಿಲ್ಲ. ನೊಣಗಳಿಗೆ ಮಾತ್ರ ಅದನ್ನು ಮರಳಿ ಊಡಬಾರದು.

ಕೆರೆಯುವುದು

ಈ ಹಂತಕ್ಕೆ ಅರ್ಧ ದಿನವನ್ನೇ ಮೀಸಲಿಡಿ. ಕ್ಲೋರಿನ್ನಾಗಲಿ ಸೋಡವಾಗಲಿ ಮೇಣದ ಪದರವನ್ನು ದಾಟಿ ಒಳಗೆ ಹೋಗುವುದಿಲ್ಲ. ಅಷ್ಟೇ ಅಲ್ಲ, ತುಪ್ಪ, ಪರಾಗ, ಸತ್ತ ಮರಿಯ ಚೂರುಗಳಂತಹ ಕೊಳೆ ಸಿಕ್ಕರೆ ಕ್ಲೋರಿನ್ ತನ್ನ ಶಕ್ತಿಯನ್ನೆಲ್ಲ ಅದರ ಮೇಲೆಯೇ ವ್ಯಯಿಸಿ ವೈರಾಣುವಿನ ತನಕ ತಲುಪುವುದಿಲ್ಲ. ಕೊಳಕು ಪೆಟ್ಟಿಗೆಗೆ ಬ್ಲೀಚಿಂಗ್ ನೀರು ಎರಚಿ ಕೆಲಸ ಮುಗಿಯಿತೆಂದು ತಿಳಿಯುವುದಕ್ಕಿಂತ, ಬರೀ ಕೆರೆದು ಬಿಸಿಲಿಗಿಟ್ಟ ಪೆಟ್ಟಿಗೆಯೇ ಮೇಲು ಎಂದು ನಾನು ಭಾವಿಸುತ್ತೇನೆ.

ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಮರಿ ಬೆಳೆಯುವ ಸಂಸಾರ ಕೋಣೆಯನ್ನು ಮಗ್ಗುಲಾಗಿ ಮಲಗಿಸಿ, ಎರಿಯ ಚೌಕಟ್ಟಿನ ಕಿವಿ ಕೂರುವ ಗಾಡಿಯಿಂದ (ಮರದಲ್ಲಿ ತೋಡಿದ ಕಚ್ಚಿನಿಂದ) ಆರಂಭಿಸಿ. ಆ ಗಾಡಿಯ ಒಳಮೂಲೆಯಲ್ಲಿ ಉಳಿಯ ಅಗಲ ತುದಿ ತಾಗುವುದಿಲ್ಲ. ಅಲ್ಲಿಗೆ ಹಳೆಯ ಸ್ಕ್ರೂಡ್ರೈವರ್ ಅಥವಾ ಚೂಪು ಮಾಡಿದ ಅಡಿಕೆ ಮರದ ಸೀಳು ಬೇಕು. ಅಲ್ಲಿಂದ ಹೊರಬರುವುದನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಮೇಣದ ಪುಡಿ, ನೊಣದ ಮುರಿದ ಕಾಲು, ಮೇಣದ ಹುಳುವಿನ ಬಲೆ ಮತ್ತು ಅವುಗಳ ನಡುವೆ ಕಂದು ಬಣ್ಣದ ಹಕ್ಕಳೆಯ ಚೂರುಗಳು ಕಾಣುತ್ತವೆ. ನಾವು ಹುಡುಕುತ್ತಿರುವುದು ಅದನ್ನೇ. ಬಳಿಕ ನಾಲ್ಕು ಗೋಡೆ, ಮೂಲೆಯ ಕೂಡುಗಳು, ಮುಚ್ಚಳದ ಒಳಮೈ, ಕಡೆಗೆ ಅಡಿಹಲಗೆ. ಸತ್ತ ಮರಿಗಳು ಬಿದ್ದು ಒಣಗುವುದು ಅಡಿಹಲಗೆಯ ಮೇಲೆಯೇ ಆದ್ದರಿಂದ ಅದರ ಬಿರುಕುಗಳನ್ನು ಬಿಡಬಾರದು. ತುಡುವೆ ನೊಣ ಮರದ ಅಂಟನ್ನು ತಂದು ಮೆತ್ತುವುದಿಲ್ಲವಾದ್ದರಿಂದ ನಮ್ಮ ಕೆಲಸ ಅಷ್ಟರಮಟ್ಟಿಗೆ ಹಗುರ. ಯುರೋಪಿಯನ್ ಜೇನಿನ ಪೆಟ್ಟಿಗೆಯಲ್ಲಿ ಆ ಅಂಟನ್ನೂ ಕೆರೆಯಬೇಕಾಗುತ್ತದೆ. ಕೆರೆದುದನ್ನೆಲ್ಲ ಪತ್ರಿಕೆಯ ಸಮೇತ ಸುಟ್ಟುಬಿಡಿ.

ಹುಳ ಹಿಡಿದು ಪೊಳ್ಳಾದ, ಉಳಿ ತಾಗಿದರೆ ಪುಡಿಯಾಗುವ ಹಲಗೆಯನ್ನು ಶುದ್ಧಿಗೊಳಿಸುವ ಶ್ರಮ ವ್ಯರ್ಥ. ಚೌಕಟ್ಟುಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ: ರೋಗದ ಸಂಸಾರ ಕೋಣೆಯ ಚೌಕಟ್ಟುಗಳನ್ನು ಎರಿಯೊಂದಿಗೇ ಸುಟ್ಟು ಹೊಸದನ್ನು ಮಾಡಿಸಿಕೊಳ್ಳುವುದು, ಸಂದಿಗೊಂದಿಗಳನ್ನು ಕೆರೆಯುತ್ತ ಕೂರುವುದಕ್ಕಿಂತ ಅಗ್ಗ.

ಬೆಂಕಿ, ಸೋಡ, ಕ್ಲೋರಿನ್

ಮರದ ಪೆಟ್ಟಿಗೆಗೆ ಬೆಂಕಿಯೇ ಉತ್ತಮ. ಬ್ಲೋ ಲ್ಯಾಂಪ್ ಅಥವಾ ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಒಳಗೋಡೆಯ ಮೇಲೆ ನಿಧಾನವಾಗಿ ಓಡಿಸುತ್ತ, ಮರ ಎಲ್ಲ ಕಡೆ ಒಂದೇ ಸಮನೆ ತಿಳಿ ಕಾಫಿ ಬಣ್ಣಕ್ಕೆ ತಿರುಗುವ ತನಕ ಬಿಸಿ ತಾಗಿಸಬೇಕು. ಮೂಲೆ, ಮೊಳೆಯ ತೂತು ಮತ್ತು ಗಾಡಿಗಳಲ್ಲಿ ಜ್ವಾಲೆಯನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ. ಅಲ್ಲಿ ಉಳಿದಿದ್ದ ಮೇಣ ಗುಳ್ಳೆಯೆದ್ದು ಒಸರುವುದನ್ನು ಕಾಣಬಹುದು. ಮರ ಇದ್ದಿಲಾಗುವಷ್ಟು ಸುಡುವ ಅಗತ್ಯವಿಲ್ಲ. ಬಯಲಿನಲ್ಲಿ, ಒಣ ತರಗೆಲೆಯಿಲ್ಲದ ಜಾಗದಲ್ಲಿ, ಪಕ್ಕದಲ್ಲಿ ಎರಡು ಕೊಡ ನೀರಿಟ್ಟುಕೊಂಡೇ ಈ ಕೆಲಸ ಮಾಡಬೇಕು. ಟಾರ್ಚ್ ಇಲ್ಲದವರು ತೆಂಗಿನ ಗರಿಯ ಸೂಡಿ ಹೊತ್ತಿಸಿ ಒಳಗೆ ಹಿಡಿಯುವುದುಂಟು. ಅದರಿಂದ ಮಸಿ ಮೆತ್ತುವುದೇ ಹೆಚ್ಚು, ಮೂಲೆಗಳಿಗೆ ಬಿಸಿ ತಾಗುವುದು ಕಡಿಮೆ. ಅಂತಹವರು ಮುಂದೆ ಹೇಳುವ ಕ್ಲೋರಿನ್ ಕ್ರಮವನ್ನು ಅನುಸರಿಸುವುದು ಮೇಲು. ಮಡಕೆಯಲ್ಲಿ ಜೇನು ಸಾಕುವವರು ಮಡಕೆಯನ್ನು ಕೆರೆದು ಸೌದೆಯ ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿದರೆ ಸಾಕು.

ಉಳಿ, ಚಾಕು, ಹೊಗೆ ತಿದಿ, ರಾಣಿ ದ್ವಾರ, ರಾಣಿ ಪಂಜರ, ಮುಖಪರದೆ ಮತ್ತು ರಬ್ಬರ್ ಕೈಗವಸುಗಳಿಗೆ ವಾಷಿಂಗ್ ಸೋಡ ಒಳ್ಳೆಯದು. ಬ್ರಿಟನ್ನಿನ ರಾಷ್ಟ್ರೀಯ ಜೇನು ಘಟಕ ಶಿಫಾರಸು ಮಾಡುವ ಪ್ರಮಾಣ 5 ಲೀಟರ್ ಬೆಚ್ಚಗಿನ ನೀರಿಗೆ 1 ಕಿಲೋ ಸೋಡ ಹರಳು, ಜೊತೆಗೆ ಪಾತ್ರೆ ತೊಳೆಯುವ ದ್ರಾವಣ ಸ್ವಲ್ಪ. ಇದು ಮೇಣ ಮತ್ತು ಜಿಗುಟನ್ನು ಬಿಡಿಸುವುದರಲ್ಲಿ ಎತ್ತಿದ ಕೈ. ಲೋಹದ ಸಲಕರಣೆಗಳನ್ನು ತೊಳೆದ ಮೇಲೆ ಕುದಿಯುವ ನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಚರ್ಮದ ಕೈಗವಸನ್ನು ಯಾವ ವಿಧಾನದಿಂದಲೂ ಸರಿಯಾಗಿ ಶುದ್ಧಗೊಳಿಸಲಾಗದು, ರೋಗದ ಪೆಟ್ಟಿಗೆ ಮುಟ್ಟುವಾಗ ಅದನ್ನು ಬಳಸದಿರುವುದೇ ಸರಿ. ಹೊಗೆ ತಿದಿಯ ಚರ್ಮದ ಅಥವಾ ರೆಕ್ಸಿನ್ ಭಾಗವನ್ನು ಮುಳುಗಿಸದೆ ಸೋಡ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ.

ಪ್ಲಾಸ್ಟಿಕ್ಕಿನ ಪಾಕದ ತಟ್ಟೆ, ಡಬ್ಬಿ, ಜರಡಿ ಹಾಗೂ ಬೆಂಕಿ ತೋರಿಸಲಾಗದ ಮರದ ಭಾಗಗಳಿಗೆ ಶೇಕಡಾ 0.5ರ ಕ್ಲೋರಿನ್ ದ್ರಾವಣ ಬೇಕು. ಅಂಗಡಿಯ ಬ್ಲೀಚ್ ದ್ರಾವಣ ಶೇಕಡಾ 5ರದ್ದಾದರೆ 1 ಲೀಟರಿಗೆ 9 ಲೀಟರ್ ನೀರು. ಹಳ್ಳಿಗಳಲ್ಲಿ ಸುಲಭವಾಗಿ ಸಿಗುವ ಬ್ಲೀಚಿಂಗ್ ಪೌಡರಿನಲ್ಲಿ, ತಾಜಾ ಇದ್ದರೆ, ಶೇಕಡಾ 33ರ ಆಸುಪಾಸು ಕ್ಲೋರಿನ್ ಇರುತ್ತದೆ. ಅದನ್ನು 10 ಲೀಟರಿಗೆ 150 ಗ್ರಾಂ ಲೆಕ್ಕದಲ್ಲಿ ತೆಗೆದುಕೊಂಡು, ಮೊದಲು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಕಲಸಿ, ಉಳಿದ ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಚೀಲ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ, ಘಾಟು ಹೋದ ಪುಡಿಯಿಂದ ಪ್ರಯೋಜನವಿಲ್ಲ. ನೀರು ತಣ್ಣಗಿರಲಿ, ಏಕೆಂದರೆ ಬಿಸಿ ನೀರಿನಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಸಲಕರಣೆ ಪೂರ್ತಿ ಮುಳುಗಿ 20 ನಿಮಿಷ ಇರಬೇಕು. ಮುಳುಗಿಸಲಾಗದ ಹಲಗೆಯ ಮೇಲೆ ಬ್ರಷ್ಷಿನಿಂದ ಹಚ್ಚಿ, ಆ 20 ನಿಮಿಷವೂ ಒಣಗದಂತೆ ಮತ್ತೆ ಮತ್ತೆ ಹಚ್ಚುತ್ತಿರಬೇಕು. ದ್ರಾವಣವನ್ನು ಅಂದಂದೇ ಮಾಡಿಕೊಳ್ಳಿ, ಕದಡಿ ಕಂದಾದರೆ ಬದಲಿಸಿ.

ಇಲ್ಲಿ ಎರಡು ಎಚ್ಚರಿಕೆಗಳು ಜೀವಕ್ಕೆ ಸಂಬಂಧಿಸಿದವು. ಬ್ಲೀಚಿಗೆ ಕಕ್ಕಸು ತೊಳೆಯುವ ಆಸಿಡ್, ವಿನಿಗರ್ ಅಥವಾ ಇನ್ನಾವುದೇ ಹುಳಿ ದ್ರಾವಣವನ್ನು ಎಂದೂ ಬೆರೆಸಬಾರದು, ಅದರಿಂದ ವಿಷಾನಿಲ ಹೊಮ್ಮುತ್ತದೆ. ಕೆಲಸವನ್ನು ಗಾಳಿಯಾಡುವ ಬಯಲಿನಲ್ಲೇ ಮಾಡಿ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ.

ಕ್ಲೋರಿನ್ ಲೋಹವನ್ನು ತಿನ್ನುವುದರಿಂದ ತಗಡಿನ ವಸ್ತುಗಳನ್ನು ಅದರಲ್ಲಿ ಹೆಚ್ಚು ಹೊತ್ತು ಬಿಡಬೇಡಿ. ಜೇನು ತೆಗೆಯುವ ಯಂತ್ರಕ್ಕೆ ಬೇರೆ ಕ್ರಮವಿದೆ: ಮೊದಲು ತಣ್ಣೀರಿನಲ್ಲಿ ತೊಳೆದು ಮೇಣದ ಚೂರುಗಳನ್ನು ಹೊರಹಾಕಿ, ಆಮೇಲೆ ಸೋಡ ಬೆರೆಸಿದ ಬಿಸಿ ನೀರು, ಕೊನೆಗೆ ಕುದಿ ನೀರು. ಮೊದಲೇ ಬಿಸಿ ನೀರು ಸುರಿದರೆ ಮೇಣ ಕರಗಿ ಒಳಮೈಗೆಲ್ಲ ಬಳಿದುಕೊಂಡು, ಅದರಡಿಯಲ್ಲಿ ಜಿಗುಟು ಸಿಕ್ಕಿಹಾಕಿಕೊಳ್ಳುತ್ತದೆ.

ಎಲ್ಲವನ್ನೂ ಒಳ್ಳೆಯ ನೀರಿನಲ್ಲಿ ಜಾಲಿಸಿ, ಒಳಮೈ ಸೂರ್ಯನಿಗೆ ನೇರವಾಗಿ ಕಾಣುವಂತೆ ತಿರುಗಿಸಿಟ್ಟು, ಎರಡು ಮೂರು ದಿನ ಖಡಕ್ ಬಿಸಿಲಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಇದು ಆಗದ ಮಾತು. ಆಗ ಕಾಲವನ್ನೇ ನೆಚ್ಚಿಕೊಂಡು, ಕೆರೆದು ತೊಳೆದ ಪೆಟ್ಟಿಗೆಯನ್ನು ನೊಣ ಹೊಗದಂತೆ ಮುಚ್ಚಿ ಎರಡು ತಿಂಗಳು ಅಟ್ಟದಲ್ಲಿಡಿ.

ರೋಗವಿದ್ದೂ ಬದುಕಿರುವ ಕುಟುಂಬ

ನೊಣಗಳು ಇನ್ನೂ ಬಲವಾಗಿದ್ದರೆ ಅವನ್ನು ಶುದ್ಧ ಪೆಟ್ಟಿಗೆಗೆ ಮೇಣದ ಹಾಳೆ ಕಟ್ಟಿದ ಹೊಸ ಚೌಕಟ್ಟುಗಳ ಮೇಲೆ ಕೊಡವಿ, ಹಳೆಯ ಮರಿ ಎರಿಗಳನ್ನು ಸುಡಬೇಕು. ರಾಣಿಯನ್ನು ಪಂಜರದಲ್ಲಿಟ್ಟು ಸುಮಾರು ಮೂರು ವಾರ ತತ್ತಿ ನಿಲ್ಲಿಸಿದರೆ, ಊಡಲು ಮರಿಯಿಲ್ಲದೆ ಸೋಂಕಿನ ಸರಪಳಿ ತುಂಡಾಗುವ ಅವಕಾಶ ಹೆಚ್ಚು. ಮರಿಯಿಲ್ಲದ ತುಡುವೆ ಪಲಾಯನಕ್ಕೆ ಹೊಂಚುವುದರಿಂದ, ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಸಮ ಪ್ರಮಾಣದ ಸಕ್ಕರೆ ಪಾಕ ಕೊಡುತ್ತಿರಿ. ಬಯಲಿನಲ್ಲಿ ತಟ್ಟೆಯಿಟ್ಟು ಎಲ್ಲ ಕುಟುಂಬಗಳಿಗೆ ಒಟ್ಟಿಗೆ ಊಡಬೇಡಿ. ದುರ್ಬಲ ಕುಟುಂಬವನ್ನು ಬಲವಾದುದರೊಡನೆ ಕೂಡಿಸುವುದಂತೂ ರೋಗ ದಾಟಿಸುವ ನೇರ ದಾರಿ. ಮುಂದೆ ಪಾಲು ಮಾಡುವಾಗ ರೋಗ ತಾಳಿಕೊಂಡ ಕುಟುಂಬದ ರಾಣಿಕೋಶಗಳನ್ನೇ ಆರಿಸಿಕೊಳ್ಳಿ.

ಯುರೋಪಿಯನ್ ಜೇನು ಸಾಕುವವರಿಗೆ ಒಂದು ಮಾತು: ಅಲ್ಲಿ ರೆಕ್ಕೆ ಮುದುಡುವ ವೈರಾಣುವನ್ನು ಹೊತ್ತು ತಿರುಗುವುದು ವರೋವಾ ನುಸಿ. ನುಸಿಯನ್ನು ಹತೋಟಿಯಲ್ಲಿಡದೆ ಸಲಕರಣೆ ಎಷ್ಟು ತೊಳೆದರೂ ಫಲ ಕಡಿಮೆ.

ದಿನನಿತ್ಯದ ತಪಾಸಣೆಯಲ್ಲಿ ಆರೋಗ್ಯವಂತ ಕುಟುಂಬಗಳನ್ನು ಮೊದಲು, ಅನುಮಾನದ್ದನ್ನು ಕೊನೆಗೆ ನೋಡಿ. ಸೋಡ ನೀರಿನ ಬಕೆಟ್ ಒಂದು ಜೊತೆಗಿರಲಿ. ಪ್ರತಿ ಪೆಟ್ಟಿಗೆಯ ನಂತರ ಉಳಿಯನ್ನು ಅದರಲ್ಲಿ ಉಜ್ಜಿ, ಹೊಗೆ ತಿದಿಯ ಕೆಂಡಕ್ಕೆ ಚುಚ್ಚಿ ಬಿಸಿ ಮಾಡಿ. ಜನವರಿಯಲ್ಲಿ ರಬ್ಬರ್ ತೋಟಗಳಿಗೋ, ಹೂಮಳೆಯ ನಂತರ ಕೊಡಗಿನ ಕಾಫಿ ತೋಟಗಳಿಗೋ ಪೆಟ್ಟಿಗೆ ಸಾಗಿಸುವವರು ಅದಕ್ಕೂ ಮೊದಲು ಎಲ್ಲ ಕುಟುಂಬಗಳ ಮರಿ ಎರಿ ನೋಡಬೇಕು. ಒಂದರಲ್ಲಿ ಚೀಲ ಕಂಡರೂ ಆ ಕುಟುಂಬವನ್ನು ಸಾಗಿಸಬಾರದು. ಅಲ್ಲಿ ನಮ್ಮ ಪೆಟ್ಟಿಗೆಗಳ ಪಕ್ಕದಲ್ಲಿ ಇನ್ನೊಬ್ಬರ ವರ್ಷದ ದುಡಿಮೆ ಇರುತ್ತದೆ. ಹಳೆಯ ಪೆಟ್ಟಿಗೆ ಕೊಂಡಾಗ ಮಾರುವವರು ಏನೇ ಭರವಸೆ ಕೊಟ್ಟರೂ ಅದನ್ನು ರೋಗದ ಪೆಟ್ಟಿಗೆಯೆಂದೇ ಎಣಿಸಿ ಮೇಲಿನ ಕ್ರಮವನ್ನೆಲ್ಲ ಪಾಲಿಸಿ.

ಶುದ್ಧಿಗೊಳಿಸಿದ ಪೆಟ್ಟಿಗೆಯ ಮುಚ್ಚಳದ ಒಳಗೆ ತಾರೀಖು ಬರೆದಿಡಿ. ಹಲವು ಪೆಟ್ಟಿಗೆಗಳಿದ್ದರೆ ಒಮ್ಮೆಗೇ ಎಲ್ಲವನ್ನೂ ತುಂಬದೆ, ಕ್ಲೋರಿನ್ನಿನ ಘಾಟು ಪೂರ್ತಿ ಹೋಗಿದೆಯೆಂದು ಮೂಸಿ ನೋಡಿ, ಒಂದಕ್ಕೆ ಮಾತ್ರ ಕುಟುಂಬ ಇಳಿಸಿ. ಎರಡು ಸುತ್ತು ಮರಿ ಹೊರಬರುವ ತನಕ, ಅಂದರೆ ಸುಮಾರು 40 ದಿನ, ವಾರಕ್ಕೊಮ್ಮೆ ಮುಚ್ಚಳ ಬಿದ್ದ ಕೋಶಗಳನ್ನು ಬೆಳಕಿಗೆ ಹಿಡಿದು ತೂತುಗಳಿವೆಯೇ ಎಂದು ನೋಡಿ. ಮುಚ್ಚಳಗಳು ಇಡಿಯಾಗಿ, ಒತ್ತೊತ್ತಾಗಿ ಕಂಡರೆ ಉಳಿದ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಬಹುದು.